ಚಪ್ಪಲಿ ಕಾಯುವ ಹುಡುಗಿ

ಹೆಣ್ಣುಮಕ್ಕಳ ಶಾಲೆಯ ದೈಹಿಕ ಶಿಕ್ಷಕ ಶಂಕ್ರೆಪ್ಪ ಒಂದು ಸಂಜೆ ಹೊಳೆ ದಂಡೆಯ ಗರಡಿಗೆ ಬಂದ. ಕೈಯಲ್ಲಿ ಒಂದು ಕಪ್ ಇತ್ತು.

ಅವನ ಗುರು ಮಾಬುಸಾಬರು ಕುಸ್ತಿ ಕಣದ ಕೆಂಪು ಮಣ್ಣು ಜರಡಿ ಹಿಡಿಯುತ್ತಿದ್ದರು. ಶಂಕ್ರೆಪ್ಪ ಚಿಕ್ಕವನಿದ್ದಾಗ ಅವನ ಶಾಲೆಗೆ ಅವರೇ ಡ್ರಿಲ್ ಮಾಸ್ತರ್. ನಿವೃತ್ತಿಯ ನಂತರ ಗರಡಿ ನೋಡಿಕೊಂಡಿದ್ದರು.

"ಗುರುಗಳ, ನಮ್ಮ ಏಳನೇ ಕ್ಲಾಸಿನ ಹುಡುಗ್ಯಾರು ಕಬಡ್ಡಿಯೊಳಗ ತಾಲ್ಲೂಕಿಗೇ ಫಸ್ಟ್ ಬಂದಾರ," ಎಂದು ಕಪ್ಪನ್ನು ಅವರ ಪಾದದ ಬಳಿ ಇಟ್ಟ.

ಗುರು ಕಪ್ ನೋಡಲಿಲ್ಲ. ಅವನ ಮುಖ ನೋಡಿದರು.

"ಗೆದ್ದು ಬಂದವನ ಮಾರಿ ಹಿಂಗಿರಂಗಿಲ್ಲ. ಆ ಕ್ಲಾಸಿನ್ಯಾಗ ಎಷ್ಟು ಮಂದಿ ಅದಾರ?"

"ಮೂವತ್ತೆರಡು ಮಂದಿ ಇದ್ರು."

"ಆಡಿದವರು?"

"ಹನ್ನೆರಡು. ಏಳು ಮಂದಿ ಅಂಗಳದಾಗ, ಐದು ಮಂದಿ ಹೊರಗ."

"ಉಳಿದವರು?"

"ಹತ್ತೊಂಬತ್ತು ಮಂದಿ ಸುತ್ತ ನಿಂತು ಚಪ್ಪಾಳಿ ಹೊಡೀತಾರ."

ಬಿಸಿಲಲ್ಲಿ ನಿಂತು ಇನ್ನೊಬ್ಬರಿಗೆ ಚಪ್ಪಾಳೆ ತಟ್ಟುವುದು. ವೇಳಾಪಟ್ಟಿಯಲ್ಲಿ ಇದನ್ನೇ ದೈಹಿಕ ಶಿಕ್ಷಣ ಎಂದು ಬರೆದಿರುತ್ತಾರೆ.

ಗುರು ಬೆರಳು ಮಡಚಿದರು. "ಹನ್ನೆರಡು, ಹತ್ತೊಂಬತ್ತು. ಮೂವತ್ತೊಂದಾತು. ಇನ್ನೊಂದು ಕೂಸು?"

ಶಂಕ್ರೆಪ್ಪ ಹೊಳೆಯ ಕಡೆ ಮುಖ ತಿರುಗಿಸಿದ.

"ನೀಲವ್ವ ಅಂತ. ಚಪ್ಪಲಿ ಕಾಯ್ತಿದ್ಲು."

"ಯಾರ ಚಪ್ಪಲಿ?"

"ಎಲ್ಲಾರವೂ. ಬರಿಗಾಲಿಲೆ ಆಡ್ತಾರಲ್ರೀ, ನಾಯಿ ಕಚಗೊಂಡು ಹೋಗ್ತಾವ. ಆಕಿ ಮೈ ಭಾರ. ಓಡಾಕ ಬರಂಗಿಲ್ಲ. ಇಬ್ಬರು ಕ್ಯಾಪ್ಟನ್ ನಿಂತು ಒಬ್ಬೊಬ್ಬರನ್ನ ಕರಕೊಳ್ಳೋವಾಗ ಆಕಿನ್ನ ಯಾರೂ ಕರೀತಿರಲಿಲ್ಲ. ಅದಕ್ಕ ಬೇವಿನ ಗಿಡದ ಬುಡಕ ಕುಂದರಿಸಿದ್ದೆ."

"ಎಂದಿನಿಂದ?"

"ಐದನೇ ಕ್ಲಾಸಿನಿಂದ."

ಗುರು ಕಪ್ಪನ್ನೆತ್ತಿ ಗರಡಿಯ ಬಾಗಿಲ ಬಳಿ, ಹುಡುಗರು ಬಿಟ್ಟ ಚಪ್ಪಲಿಗಳ ನಡುವೆ ಇಟ್ಟರು.

"ಕುಂದ್ರು. ಕಾಯಿ."

ಅಷ್ಟು ಹೇಳಿ ಒಳಗೆ ಹೋದರು.

ಶಂಕ್ರೆಪ್ಪ ಕುಳಿತ. ಹೊಸದಾಗಿ ಬಂದ ಪೈಲ್ವಾನ ಹುಡುಗನೊಬ್ಬ ಕಾಲು ಜಾಡಿಸಿ ಚಪ್ಪಲಿ ಬಿಟ್ಟ. "ಕಾಕಾ, ಹೊಸಾವು ಅದಾವ. ನಿದ್ದಿ ಹೊಡದೀರಿ ಮತ್ತ."

ಒಳಗೆ ಯಾರೋ ಧೊಪ್ಪನೆ ಬಿದ್ದರು. ಎಲ್ಲರೂ ನಕ್ಕರು. ಯಾಕೆ ನಕ್ಕರೋ ಶಂಕ್ರೆಪ್ಪನಿಗೆ ಕಾಣಲಿಲ್ಲ. ಅವನಿಗೆ ಕಂಡದ್ದು ಚಪ್ಪಲಿ. ಒಂದರ ಬಾರು ಕಿತ್ತು ಪಿನ್ ಚುಚ್ಚಿತ್ತು. ಒಂದರ ಹಿಮ್ಮಡಿ ಸವೆದು ತೂತಾಗಿತ್ತು.

ಹೊತ್ತು ಮುಳುಗುವಾಗ ಗುರು ಹೊರಬಂದು ಅವನ ಪಕ್ಕದಲ್ಲಿ ಕುಳಿತರು.

"ಈಗ ಹೇಳು."

"ನೀಲವ್ವ ಸಾಲಿ ಬಿಟ್ಟಳ್ರೀ. ಅವರವ್ವ ಬಂದು ಟಿ.ಸಿ. ಒಯ್ದಳು. 'ನನಗೇನೂ ಬರಂಗಿಲ್ಲ ಅಂತ ಆಕಿನೇ ಅಂತಾಳ್ರೀ ಸರ, ಮತ್ಯಾಕ ಸಾಲಿ?' ಅಂದಳು. ಯಾವುದೋ ಊರಿಗೆ ಮನಿಗೆಲಸಕ್ಕ ಕಳಿಸ್ಯಾರಂತ. ಮೂವತ್ತೊಂದು ಜೋಡಿ ಚಪ್ಪಲಿ, ಯಾವುದು ಯಾರದು ಅಂತ ನೋಡಿದಕೂಡ್ಲೇ ಹೇಳ್ತಿದ್ಲು ಗುರುಗಳ, ಏನೂ ಬರಂಗಿಲ್ಲ ಅಂತ."

"ಹೋಗೋವಾಗ ಕೂಸು ಏನಂತು?"

ಶಂಕ್ರೆಪ್ಪ ಎದುರಿನ ಒಂದು ಜೋಡಿ ಚಪ್ಪಲಿಯನ್ನು ನೆಟ್ಟಗೆ ಜೋಡಿಸಿಟ್ಟ.

"'ಸರ, ನಾಳೆಯಿಂದ ಚಪ್ಪಲಿ ಯಾರು ಕಾಯ್ತಾರ್ರೀ?' ಅಂದಳು. ಖರೇನ ಚಿಂತಿ ಮಾಡಿ ಕೇಳಿದಳು."

"ನೀ ಏನಂದಿ?"

"ನಕ್ಕೆ."

ಗುರು ಗರಡಿಯ ಒಳಗೆ ಒಮ್ಮೆ ನೋಡಿದರು.

"ಆಟಕ್ಕ ನಾ ಹೆಂಗ ಎರಡು ಪಾರ್ಟಿ ಮಾಡಸ್ತಿದ್ದೆ, ನೆನಪೈತೇನು?"

"ಐತ್ರೀ. ಇಬ್ಬಿಬ್ಬರು ಜೋಡಿ ಆಗಿ ದೂರ ಹೋಗಿ ಗುಟ್ಟಿನ ಹೆಸರು ಇಟ್ಕೊಂಡು ಬರ್ತಿದ್ವಿ. 'ಮೋಡ ಬೇಕೋ, ಮಿಂಚು ಬೇಕೋ?' ಅಂತ ಕೇಳ್ತಿದ್ವಿ. ಯಾರು ಮೋಡ, ಯಾರು ಮಿಂಚು ಅಂತ ಕ್ಯಾಪ್ಟನ್‌ಗೆ ಗೊತ್ತಿರ್ತಿರಲಿಲ್ಲ. ಹೆಸರು ಆರಿಸ್ತಿದ್ದ, ಆಳನ್ನಲ್ಲ. ಆದ್ರ ಗುರುಗಳ, ಹಂಗ ಮಾಡಿದ್ರ ಕಪ್ ಬರಂಗಿಲ್ರೀ."

"ಬರಲಿಲ್ಲ. ಮೂವತ್ತು ವರ್ಷ ಒಂದೂ ಬರಲಿಲ್ಲ. ಕಪ್ ಎಣಿಸೋ ಸಾಹೇಬರು ಪ್ರತಿ ವರ್ಷ ಬಂದ್ರು. ಕೂಸು ಎಣಿಸೋ ಸಾಹೇಬ ಒಬ್ಬನೂ ಬರಲಿಲ್ಲ."

ಗುರು ಕೈಗೆ ಅಂಟಿದ ಮಣ್ಣು ಉಜ್ಜಿಕೊಂಡರು.

"ಜೋಡಿ ಸಿಗದೆ ಒಬ್ಬ ಉಳೀತಿದ್ದ. ಸಣಕಲ. ನಾಕು ಹೆಜ್ಜಿ ಓಡಿದ್ರ ಉಬ್ಬಸ. ಯಾರಾಂವ?"

"ನಾನ್ರೀ."

"ಅವನ ಜೋಡಿ ಯಾರು?"

"ನೀವ್ರೀ. ಗಿಡದ ಹಿಂದ ಕರಕೊಂಡು ಹೋಗಿ, ಕುಕ್ಕರಗಾಲಿಲೆ ಕುಂತು, ಏನು ಹೆಸರು ಇಟ್ಕೊಳ್ಳೋಣ ಅಂತ ಕಿವ್ಯಾಗ ಕೇಳ್ತಿದ್ರಿ."

"ಅದನ್ನ ನಿನಗ ಕಲಿಸೀನಿ ಅಂತ ತಿಳಕೊಂಡಿದ್ದೆ. ನೀ ಬರೀ ಕಬಡ್ಡಿ ಕಲತಿ. ತಪ್ಪು ನಂದೂ ಐತಿ."

ಶಂಕ್ರೆಪ್ಪ ಕಣ್ಣೊರೆಸಿಕೊಂಡ. "ಆಕಿನ್ನ ಹುಡುಕ್ತೀನ್ರೀ. ಊರೂರು ತಿರುಗ್ತೀನಿ."

"ತಿರುಗು. ಸಿಗ್ತಾಳೋ ಇಲ್ಲೋ. ಮೊದಲು ಇದನ್ನ ಹೇಳು. ಇವತ್ತ ಆಟದ ಪಿರೇಡಿನ್ಯಾಗ ಚಪ್ಪಲಿ ಯಾರು ಕಾದರು?"

ಶಂಕ್ರೆಪ್ಪ ಚಪ್ಪಲಿಗಳ ನಡುವಿನ ಕಪ್ ಕಡೆ ನೋಡಿದ. ಗುರು ಕಾದರು.

"ಸಾಬವ್ವ ಅಂತ, ಅದೇ ಕ್ಲಾಸಿನ ಕೂಸು," ಎಂದ ಕೊನೆಗೆ. "ಕಣ್ಣು ನೆಟ್ಟಗ ಕಾಣಂಗಿಲ್ರೀ ಆಕಿಗೆ. ನಾನ ಕುಂದರಿಸಿದೆ."

ಗುರು ಎದ್ದು ಕಪ್ಪನ್ನು ಅವನ ಕೈಗೆ ಕೊಟ್ಟರು.

"ನಾಳೆ ಬೇವಿನ ಗಿಡದ ಬುಡಕ ಹೋಗು. ಆಕಿ ಪಕ್ಕದಾಗ ಕುಕ್ಕರಗಾಲಿಲೆ ಕುಂದ್ರು. ಕಿವ್ಯಾಗ ಕೇಳು: 'ಸಾಬವ್ವಾ, ನಾವಿಬ್ಬರೂ ಏನು ಹೆಸರು ಇಟ್ಕೊಳ್ಳೋಣ?'"