ಆರತಿ ತಟ್ಟೆ ಹಿಡಿದು ನಿಂತ ದೊರೆ

"ನನ್ನ ರಾಜಧಾನಿಯಲ್ಲಿ ಕಾನೂನು ಕೇಳದೆ ಕಾಗೆಯೂ ಕೂಗೋದಿಲ್ಲ!" ಎಂದು ಸೋಮಭೂಪಾಲ ದೊರೆ ತುಂಬಿದ ಸಭೆಯಲ್ಲಿ ಮೀಸೆ ತಿರುವಿದ.

ಸುಳ್ಳಲ್ಲ. ಲಕ್ಷ ಜನರಿದ್ದ ಆ ಊರಿನಲ್ಲಿ ಬೀದಿಬದಿ ಹಪ್ಪಳ ಒಣಗಿಸುವಂತಿಲ್ಲ, ಜಗಲಿ ಮೇಲೆ ಕೂತು ತಲೆ ಬಾಚುವಂತಿಲ್ಲ, ಮೂವರು ಹೆಂಗಸರು ಒಟ್ಟಿಗೆ ನಿಂತು ನಗುವಂತಿಲ್ಲ. ಬೀದಿಗೆ ಒಂದು ಹನಿ ನೀರು ಚೆಲ್ಲಿದರಂತೂ ಊರಿನಿಂದಲೇ ಗಡೀಪಾರು. ಈ ಕಾನೂನುಗಳನ್ನು ಓಲೆಗರಿಯ ಮೇಲೆ ಬರೆದವರೆಲ್ಲ ಗಂಡಸರು, ಒಂದು ದಿನವಾದರೂ ಬಾಗಿಲು ತೊಳೆದಿದ್ದರೆ ತಾನೆ?

ಅವತ್ತು ತಳವಾರ ದೇವೀರಿಯನ್ನು ಎಳೆದು ತಂದ. ಮೊಸರು ಮಾರುವವಳು, ಕಂಕುಳಲ್ಲಿ ಎಳೆಗೂಸು.

"ಮನೆ ಮುಂದೆ ನೀರು ಹಾಕಿದಳು, ಪ್ರಭು!"

"ರಂಗೋಲಿ ಬಿಡೋಕೆ ನೀರು ಹಾಕದೆ ಮಜ್ಜಿಗೆ ಹಾಕ್ಲಾ ಬುದ್ಧಿ?" ಎಂದಳು ದೇವೀರಿ. "ಬಾಣಂತಿನ ಊರಾಚೆ ತಳ್ಳಿದ್ರೆ ಈ ಕೂಸನ್ನ ಎಲ್ಲಿ ಮಲಗಿಸ್ಲಿ?"

"ಕಾನೂನು ಅಂದರೆ ಕಾನೂನು," ಎಂದ ದೊರೆ.

ಆಸ್ಥಾನದ ವಿದೂಷಕ ಬೊಮ್ಮರಸ ಎದ್ದು ನಿಂತ. ಅವನು ಎದ್ದರೆ ಸಾಕು, ಸಭೆಯವರು ನಗು ಮುಚ್ಚಿಕೊಳ್ಳಲು ಮೊದಲೇ ಬಾಯಿಗೆ ಉತ್ತರೀಯ ಅಡ್ಡ ಹಿಡಿಯುತ್ತಿದ್ದರು.

"ನೀರು ಚೆಲ್ಲಿದವರು ದೊಡ್ಡವರಾದರೆ, ಪ್ರಭು?"

"ನಾನೇ ಚೆಲ್ಲಿದರೂ ಗಡೀಪಾರು!"

"ಭೇಷ್! ಆದರೆ ಮಹಾರಾಣಿಯವರು ತವರಿನಿಂದ ಚೊಚ್ಚಲ ಕೂಸಿನೊಂದಿಗೆ ಮಧ್ಯಾಹ್ನ ಬರ್ತಾರೆ. ಒಬ್ಬ ಬಾಣಂತಿ ಊರೊಳಗೆ ಬರೋ ಹೊತ್ತಲ್ಲಿ ಇನ್ನೊಬ್ಬಳನ್ನ ಹೊರಗೆ ತಳ್ಳೋದು ಅಪಶಕುನ, ಅಲ್ಲಿವರೆಗೆ ಇವಳು ಇರಲಿ."

ದೊರೆ ಒಪ್ಪಿದ.

ಮಧ್ಯಾಹ್ನ ದೊರೆ, ರಾಜಮಾತೆ, ಸಭೆಯವರೆಲ್ಲ ಕಾದು ನಿಂತಿರುವಾಗ ಪಲ್ಲಕ್ಕಿ ಅರಮನೆ ಬಾಗಿಲಿಗೆ ಬಂತು. ಮುತ್ತೈದೆಯರು ಅರಿಶಿನ ಸುಣ್ಣದ ಕೆಂಪು ನೀರಿನಲ್ಲಿ ಆರತಿ ಎತ್ತಿ, ತಾಯಿ ಮಗುವಿನ ದೃಷ್ಟಿ ತೆಗೆದರು. ಆ ನೀರನ್ನು ಬೀದಿಗೆ ಚೆಲ್ಲಿದ ಮೇಲೇ ರಾಣಿ ಹೊಸ್ತಿಲು ದಾಟಬೇಕು.

"ಹುಷಾರು ಕಣ್ರಮ್ಮಾ!" ಬೊಮ್ಮರಸ ಕೂಗಿದ. "ಇದು ರಾಜಬೀದಿ. ಒಂದು ಹನಿ ಬಿದ್ದರೂ ಗಡೀಪಾರು. ತಳವಾರ ನೋಡ್ತಾ ಇದಾನೆ."

ಮುತ್ತೈದೆಯರು ಹೆದರಿ ತಟ್ಟೆಯನ್ನು ಮಂತ್ರಿಗೆ ಕೊಟ್ಟರು. ಮಂತ್ರಿ ಕೆಂಡ ಹಿಡಿದವನಂತೆ ಸೇನಾಪತಿಗೆ ದಾಟಿಸಿದ. ಏಳು ಯುದ್ಧ ಗೆದ್ದ ಸೇನಾಪತಿ ಅದನ್ನು ದೊರೆಯ ಕೈಯಲ್ಲೇ ಇಟ್ಟು ಹಿಂದೆ ಸರಿದ.

"ಒಳಗೆ ಚೆಲ್ಲಿದರಾಯ್ತು," ಎಂದ ದೊರೆ.

"ನನ್ನ ಮೊಮ್ಮಗಳ ದೃಷ್ಟಿ ನೀರು ಮನೆಯೊಳಕ್ಕಾ?" ರಾಜಮಾತೆ ಗುಡುಗಿದರು. "ಏನೋ, ತಲೆಯಲ್ಲಿ ಮಿದುಳಿದೆಯೋ, ತಲೆ ಮೇಲೆ ಬರೀ ಕಿರೀಟವಿದೆಯೋ?"

"ಹಾಗಾದರೆ ಕೋಟೆಯಾಚೆ ಚೆಲ್ಲಿ ಬರಲಿ."

"ಕೋಟೆ ಬಾಗಿಲು ಒಂದು ಹರಿದಾರಿ, ಪ್ರಭು," ಎಂದ ಬೊಮ್ಮರಸ. "ತಟ್ಟೆ ತುಳುಕದ ಹಾಗೆ ನಡೆದರೆ ಸಂಜೆಯಾಗುತ್ತೆ."

ಕೂಸು ಹಸಿದು ಕಿರುಚತೊಡಗಿತು. ರಾಣಿ ಸೆರಗು ಕೊಡವಿದಳು. "ರೀ, ಪಲ್ಲಕ್ಕಿ ತಿರುಗಿಸಿಕೊಂಡು ನಮ್ಮಪ್ಪನ ಮನೆಗೇ ಹೋಗ್ತೀನಿ. ಅಲ್ಲಿ ಬೀದಿಗೆ ನೀರು ಚೆಲ್ಲಬಹುದು!"

ಮಗಳ ಮುಖ ಕಾಣಲು ಮೂರು ತಿಂಗಳಿಂದ ಕಾದಿದ್ದ ದೊರೆ ಬೆವೆತುಹೋದ.

"ಬೊಮ್ಮರಸಾ, ಏನಾದರೂ ಮಾಡಯ್ಯ!"

"ಧೈರ್ಯವಾಗಿ ಚೆಲ್ಲಿ, ಪ್ರಭು. ದೇವೀರಿಯನ್ನು ಊರಾಚೆ ಬಿಡೋ ಗಾಡಿ ಇಲ್ಲೇ ನಿಂತಿದೆ, ಅವಳನ್ನ ಆಗಲೇ ಹತ್ತಿಸಿದಾರೆ. ಇನ್ನೊಬ್ಬರಿಗೆ ಜಾಗ ಇದೆ. ದಾರಿಯಲ್ಲಿ ಅವಳ ಕೂಸು ಅತ್ತರೆ ಎತ್ತಿ ಆಡಿಸೋಕೂ ಒಬ್ಬರು ಬೇಕಲ್ಲ!"

ಮೊದಲು ನಕ್ಕವಳು ರಾಣಿ. ಆಮೇಲೆ ರಾಜಮಾತೆ. ಕೊನೆಗೆ ದೊರೆ ಹೊಟ್ಟೆ ಹಿಡಿದು ನಕ್ಕ ರಭಸಕ್ಕೆ ತಟ್ಟೆ ಮಗುಚಿ, ರಾಜಬೀದಿ ಕೆಂಪಾಯಿತು. ತಳವಾರ ಆಕಾಶ ನೋಡುತ್ತಾ ನಿಂತ.

ದೊರೆ ಕೊರಳ ಹಾರ ತೆಗೆದು ಬೊಮ್ಮರಸನ ಕೊರಳಿಗೆ ಹಾಕಿ ಗಾಡಿಯವನಿಗೆ ಕೂಗಿ ಹೇಳಿದ:

"ದೇವೀರಿಯನ್ನ ಇಳಿಸೋ! ಆ ಕಾನೂನಿನ ಓಲೆಗಳನ್ನ ಹತ್ತಿಸಿಕೊಂಡು ಹೋಗಿ ಕೋಟೆಯಾಚೆ ಬಿಟ್ಟು ಬಾ!"