ತೆರವಿನ ಕಡ್ಡಿ

“ಗುರುಗಳೇ, ನಿಮ್ಮ ಮಾತಿಗೆ ನಾನು ಒಂದಕ್ಷರ ಕೂಡಿಸಲಿಲ್ಲ, ಒಂದಕ್ಷರ ಕಳೆಯಲಿಲ್ಲ. ಆದರೂ ನಿಮಗೆ ಸಂತೋಷವಾಗಲಿಲ್ಲ. ಏಕೆ?”

ಕೇಳಿದವನು ಪಡದಯ್ಯ. ಮಠದ ಶಿಷ್ಯರಲ್ಲಿ ಅವನೇ ಹಿರಿಯ. ಹಿಂದಿನ ದಿನ ಪಕ್ಕದ ಊರಿನಲ್ಲಿ ಗುರುಗಳ ಬದಲಿಗೆ ಅವನು ಪ್ರವಚನ ಮಾಡಿದ್ದ. ಗುರುಗಳು ಹೇಳುವುದನ್ನೇ ಹೇಳಿದ್ದ. ಅವರು ತಡೆಯುವ ಕಡೆ ತಡೆದು, ಅವರು ದನಿ ತಗ್ಗಿಸುವ ಕಡೆ ದನಿ ತಗ್ಗಿಸಿದ್ದ. ಜನ ಕಣ್ಣೊರೆಸಿಕೊಂಡರು. ಕಣ್ಣು ಮುಚ್ಚಿ ಕೇಳಿದರೆ ಗುರುಗಳೇ ಮಾತಾಡಿದಂತಿತ್ತು ಎಂದರು. ಗುರುಗಳು ಹಿಂದಿನ ಸಾಲಿನಲ್ಲಿ ಕೂತು ಎಲ್ಲವನ್ನೂ ಕೇಳಿ, ಏನೂ ಹೇಳದೆ ಎದ್ದು ಬಂದಿದ್ದರು.

ಪಡದಯ್ಯನ ಮನಸ್ಸಿಗೆ ಅದು ಚುಚ್ಚಿತ್ತು. ಗುರುಗಳಿಗೆ ವಯಸ್ಸಾಗುತ್ತಿದೆ. ಅವರ ನಂತರವೂ ಅವರ ಮಾತು ಹಾಗೆಯೇ ಉಳಿಯಬೇಕು ಎನ್ನುವುದನ್ನು ಬಿಟ್ಟರೆ ಅವನಿಗೆ ಬೇರೆ ಆಸೆ ಇರಲಿಲ್ಲ. ಅದಕ್ಕಾಗಿ ತನ್ನ ಮಾತಿನ ರೀತಿಯನ್ನೇ ಅವನು ಬಿಟ್ಟುಕೊಟ್ಟಿದ್ದ. ಅಷ್ಟು ಮಾಡಿದವನಿಗೆ ಒಂದು ಒಳ್ಳೆಯ ಮಾತೂ ಇಲ್ಲವೆಂದರೆ ಹೇಗೆ?

“ಕೂತುಕೋ, ಒಬ್ಬ ರೈತನ ಕತೆ ಹೇಳುತ್ತೇನೆ,” ಎಂದರು ಗುರುಗಳು. “ನಡುವೆ ಬಾಯಿ ಹಾಕಬೇಡ. ನೀನು ಬಾಯಿ ಹಾಕಿದರೆ ಮಾತಾಡುತ್ತಿರುವುದು ನೀನೋ ನಾನೋ ಎಂದು ನನಗೇ ತಿಳಿಯುವುದಿಲ್ಲ.”

ಪಡದಯ್ಯ ಕೂತ. ಗುರುಗಳು ಹೇಳಿದರು.

ಗುಡ್ಡದ ಬುಡದಲ್ಲಿ ಒಂದು ಊರಿತ್ತು. ಆ ಊರಿನವರೆಲ್ಲ ಮಧುನಾಶಿನಿ ಬೆಳೆಯುತ್ತಿದ್ದರು. ಅದೊಂದು ಔಷಧಿ ಬಳ್ಳಿ. ಅದರ ಎಲೆ ಅಗಿದ ಮೇಲೆ ಬೆಲ್ಲ ತಿಂದರೆ ಬೆಲ್ಲ ಸಪ್ಪಗಿರುತ್ತದೆ. ಎಲೆಯನ್ನು ನೆರಳಿನಲ್ಲಿ ಒಣಗಿಸಿ ಔಷಧಿಗೆಂದು ಮಾರುತ್ತಿದ್ದರು. ಆ ನೆಲದಲ್ಲಿ ಬೇರೆ ಬೆಳೆ ಅಷ್ಟಕ್ಕಷ್ಟೇ. ಊರಿನವರ ಹೊಟ್ಟೆ ಬಟ್ಟೆ ಎಲ್ಲವೂ ಆ ಬಳ್ಳಿಯಿಂದಲೇ ನಡೆಯಬೇಕಿತ್ತು.

ಬೀಜ ಹಾಕಿದರೆ ಅದು ಸರಿಯಾಗಿ ಹುಟ್ಟುವುದಿಲ್ಲ. ಬಳ್ಳಿಯ ಕಡ್ಡಿ ಕತ್ತರಿಸಿ ಊರಬೇಕು. ಊರಿದ ಕಡ್ಡಿಗಳಲ್ಲಿ ಅರ್ಧ ಬೇರು ಬಿಟ್ಟರೆ ಅದೇ ಪುಣ್ಯ. ಉಳಿದರ್ಧ ಒಣಗಿ ಮಡಿಯಲ್ಲಿ ತೆರವು ಬೀಳುತ್ತಿತ್ತು. ತೆರವು ಬಿದ್ದ ಮನೆಯವರು ಒಂದು ಬುಟ್ಟಿ ಹಿಡಿದು ಊರಿನ ಮನೆಮನೆಗೆ ಹೋಗುತ್ತಿದ್ದರು. ತೆರವಿನ ಕಡ್ಡಿ ಕೊಡಿ ಎಂದು ಕೇಳಿದವರಿಗೆ ಯಾರೂ ಇಲ್ಲ ಎನ್ನುವಂತಿರಲಿಲ್ಲ. ತಮ್ಮ ಬಳ್ಳಿಯಿಂದ ನಾಲ್ಕು ಕಡ್ಡಿ ಕತ್ತರಿಸಿ ಬುಟ್ಟಿಗೆ ಹಾಕಲೇಬೇಕು. ಜಗಳವಾಡಿ ಮಾತು ಬಿಟ್ಟವರೂ ಕಡ್ಡಿ ಕೊಡುವಷ್ಟು ಹೊತ್ತು ಮಾತಾಡಿ, ಬುಟ್ಟಿ ಬಾಗಿಲು ದಾಟಿದ ಮೇಲೆ ಮತ್ತೆ ಮಾತು ಬಿಡುತ್ತಿದ್ದರು.

ಹೀಗಾಗಿ ಯಾರ ಹೊಲ ನೋಡಿದರೂ ಅದರಲ್ಲಿ ಹತ್ತು ಮನೆಯ ಬಳ್ಳಿ ಇರುತ್ತಿತ್ತು. ಕುಂಬಾರರ ಮನೆಯ ಬಳ್ಳಿಗೆ ಎಲೆ ಸಣ್ಣದು. ಮೇಲಿನ ಮನೆಯವರದು ಬೆಳೆಯುವುದು ಬಲು ನಿಧಾನ. ಬಡಿಗೇರರದು ಕಾಡುಕಾಡಾಗಿ ಹಬ್ಬಿ ಕಂಬವನ್ನೇ ವಾಲಿಸುತ್ತಿತ್ತು. ಒಂದು ಕಡೆ ಎತ್ತರ, ಒಂದು ಕಡೆ ಕುಳ್ಳ. ಹೊಲ ನೋಡಲು ಚೆಂದವಿರಲಿಲ್ಲ. ಎಲೆ ಕೀಳುವವರು ಬೈದುಕೊಂಡೇ ಕೀಳುತ್ತಿದ್ದರು.

ಆ ಊರಿನಲ್ಲಿ ಒಬ್ಬ ರೈತನಿದ್ದ. ಕೈ ಚುರುಕು, ಮನಸ್ಸು ದೊಡ್ಡದು. ಅವನ ಹೊಲಕ್ಕೆ ಒಂದು ದಿನ ಎಲೆಯ ವ್ಯಾಪಾರಿ ಬಂದ. ಈ ವ್ಯಾಪಾರಿ ಎಲೆಯನ್ನು ಬಾಯಿಂದಲೇ ಪರೀಕ್ಷೆ ಮಾಡುವವನು. ಒಂದು ಎಲೆ ಅಗಿಯುವುದು, ಜೇಬಿನಿಂದ ಬೆಲ್ಲದ ಚೂರು ತೆಗೆದು ಬಾಯಿಗೆ ಹಾಕಿಕೊಳ್ಳುವುದು, ರುಚಿ ಎಷ್ಟು ಸತ್ತಿದೆ ಎಂದು ನೋಡುವುದು. ಸಿಹಿ ಹೆಚ್ಚು ಸತ್ತಷ್ಟೂ ಎಲೆಗೆ ಬೆಲೆ ಹೆಚ್ಚು. ನಾಲಿಗೆ ಮತ್ತೆ ನೆಟ್ಟಗಾಗುವ ತನಕ ಬದುವಿನ ಮೇಲೆ ಕೂತು ಹರಟೆ ಹೊಡೆಯುವುದು, ಆಮೇಲೆ ಮುಂದಿನ ಬಳ್ಳಿ. ಒಂದು ಹೊಲ ನೋಡುವುದರೊಳಗೆ ಅವನಿಗೆ ಊರಿನ ಸುದ್ದಿಯೆಲ್ಲ ತಿಳಿದುಹೋಗುತ್ತಿತ್ತು.

ಬಾವಿಯ ಏರಿಯ ಮೇಲೆ ಒಂದು ಬಳ್ಳಿ ಇತ್ತು. ಅದರ ಎಲೆ ಅಗಿದು ಬೆಲ್ಲ ಬಾಯಿಗಿಟ್ಟವನು ತಟ್ಟನೆ ಉಗುಳಿದ.

“ಬಾಯಾಗ ಉಸುಕು ಹಾಕ್ಕೊಂಡಂಗಾತು ನೋಡ್ರಿ,” ಎಂದ. “ಇಂಥಾ ಎಲಿ ನಾ ಎಲ್ಲೂ ಕಂಡಿಲ್ಲ. ಹೊಲಾ ತುಂಬ ಇದನ್ನ ಯಾಕ ಹಚ್ಚವೊಲ್ರಿ?”

“ಹಚ್ಚೂ ಆಸೆ ನನಗೂ ಐತ್ರಿ. ಏನ್ ಮಾಡೂದು, ಇದರ ಕಡ್ಡಿ ಬೇರ ಬಿಡವೊಲ್ದು,” ಎಂದ ರೈತ.

ವ್ಯಾಪಾರಿ ಹೋದ. ಮಾತು ರೈತನ ತಲೆಯಲ್ಲಿ ಉಳಿಯಿತು. ಪೇಟೆಗೆ ಹೋಗಿ ವಿಚಾರಿಸಿದ. ಕಡ್ಡಿಯಲ್ಲಿ ಬೇರು ಬರಿಸುವ ಹಾರ್ಮೋನು ಪುಡಿಯೊಂದಿದೆ ಎಂದು ತಿಳಿಯಿತು. ಒಂದು ಡಬ್ಬಿ ತಂದ. ಹೆಚ್ಚು ಹಚ್ಚಿದರೆ ಹೆಚ್ಚು ಬೇರು ಬಂದೀತೆಂದು ಕಡ್ಡಿಯ ಬುಡಕ್ಕೆ ಧಾರಾಳವಾಗಿ ಮೆತ್ತಿದ. ಬುಡವೆಲ್ಲ ಸುಟ್ಟು ಕರ್ರಗಾಯಿತು. ಆಮೇಲೆ ಬುಡವನ್ನು ಪುಡಿಯಲ್ಲಿ ಅದ್ದಿ, ಬೆರಳಿನಿಂದ ತಟ್ಟಿ, ಹೆಚ್ಚಾದದ್ದನ್ನು ಉದುರಿಸುವುದನ್ನು ಕಲಿತ. ಮಣ್ಣಿನ ವಿಷಯದಲ್ಲೂ ಹಾಗೆಯೇ ಆಯಿತು. ಪ್ರೀತಿಯಿಂದ ಬರೀ ಗೊಬ್ಬರ ತುಂಬಿದ, ಕಡ್ಡಿ ಕೊಳೆಯಿತು. ಬರೀ ಮರಳು ತುಂಬಿದ, ಒಣಗಿತು. ಕೊನೆಗೆ ಮರಳು, ತೆಂಗಿನ ನಾರಿನ ಪುಡಿ, ಜೊತೆಗೆ ಹಿಡಿಯಷ್ಟೇ ಎರೆಗೊಬ್ಬರ ಬೆರೆಸಿದ ಮಿಶ್ರಣ ಹದಕ್ಕೆ ಬಂತು. ಗೆಣ್ಣಿನ ಕೆಳಗೆ ಓರೆಯಾಗಿ ಕತ್ತರಿಸಿ, ಎಲೆಗಳನ್ನು ಅರ್ಧಕ್ಕೆ ಕತ್ತರಿಸಿ, ಊರಿದ ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿದ. ಕೆಲವು ವಾರ ಕಳೆದು ಒಂದು ಕಡ್ಡಿಯನ್ನು ಮೆಲ್ಲಗೆ ಎಳೆದು ನೋಡಿದ. ಅದು ಬರಲಿಲ್ಲ, ಮಣ್ಣನ್ನು ಹಿಡಿದುಕೊಂಡಿತ್ತು. ಇನ್ನೊಂದನ್ನು ಎಳೆದ, ಅದೂ ಬರಲಿಲ್ಲ. ಹೆಂಡತಿಯನ್ನು ಕರೆದು ಅವಳ ಕೈಯಲ್ಲೂ ಎಳೆಸಿ ನೋಡಿದ. ಆ ದಿನ ಅವನಿಗಾದ ಸಂತೋಷ ಮದುವೆಯ ದಿನವೂ ಆಗಿರಲಿಲ್ಲ ಎಂದು ಅವಳೇ ಹೇಳುತ್ತಿದ್ದಳು.

ಊರಿದ್ದೆಲ್ಲ ಹಿಡಿಯಿತು. ಮಡಿಯಲ್ಲಿ ಒಂದು ತೆರವೂ ಬೀಳಲಿಲ್ಲ. ಆ ವರ್ಷ ಅವನು ಬುಟ್ಟಿ ಹಿಡಿದು ಯಾರ ಮನೆಗೂ ಹೋಗಲಿಲ್ಲ. ಹೋಗುವ ಕೆಲಸವೇ ಇರಲಿಲ್ಲ.

ಹೊಲದ ಹಳೆಯ ಬಳ್ಳಿಗಳನ್ನೆಲ್ಲ ಕಿತ್ತು, ಬಾವಿ ಏರಿಯ ಬಳ್ಳಿಯ ಸಸಿಗಳನ್ನೇ ನೆಟ್ಟ. ಎಲ್ಲ ಕಂಬದಲ್ಲೂ ಒಂದೇ ಎತ್ತರ, ಒಂದೇ ಹಸಿರು. ದಾರಿಯಲ್ಲಿ ಹೋಗುವವರು ನಿಂತು ನೋಡಿ ಹೋಗುತ್ತಿದ್ದರು. ಅವನ ಮನಸ್ಸು ದೊಡ್ಡದು ಎಂದೆನಲ್ಲ. ಮರುವರ್ಷ ಮನೆಗಿಷ್ಟು ಎಂದು ಸಸಿ ಮಾಡಿ ಪುಕ್ಕಟೆ ಹಂಚಿದ. ಪುಡಿ ಎಷ್ಟು ಹಚ್ಚಬೇಕು, ಮಿಶ್ರಣ ಹೇಗೆ ಕಲಸಬೇಕು, ಎಲ್ಲರ ಅಂಗಳದಲ್ಲೂ ಕೂತು ತೋರಿಸಿಕೊಟ್ಟ. ಊರಿನವರು ಅವನನ್ನು ತಲೆಯ ಮೇಲೆ ಹೊತ್ತರು. ಒಬ್ಬೊಬ್ಬರಾಗಿ ತಮ್ಮ ಮನೆಯ ಬಳ್ಳಿಯನ್ನು ಕಿತ್ತು ಅವನದನ್ನು ನೆಟ್ಟರು. ಮೇಲಿನ ಮನೆಯವರು ತಮ್ಮ ನಿಧಾನದ ಬಳ್ಳಿಯನ್ನು ಸ್ವಲ್ಪ ದಿನ ಉಳಿಸಿಕೊಂಡಿದ್ದರು. ಊರೆಲ್ಲ ಒಂದೇ ರೀತಿ ಇರುವಾಗ ಅದೊಂದು ಕಣ್ಣಿಗೆ ಚುಚ್ಚುತ್ತಿತ್ತು. ನಾಚಿಕೆಯಾಗಿ ಅವರೂ ಕಿತ್ತರು.

ವ್ಯಾಪಾರಿಯ ಕೆಲಸವೂ ಹಗುರವಾಯಿತು. ಊರ ಬಾಗಿಲಲ್ಲಿ ಒಂದು ಎಲೆ ಅಗಿದರೆ ಊರೆಲ್ಲ ಅಗಿದಂತೆ. ಹರಟೆಗೂ ಕೂರದೆ ಗಾಡಿ ತುಂಬಿಕೊಂಡು ಹೋಗುತ್ತಿದ್ದ. ಆ ಕೆಲವು ವರ್ಷ ಎಲ್ಲರೂ ಚೆನ್ನಾಗಿದ್ದರು. ಅದನ್ನು ನಾನು ಅಲ್ಲಗಳೆಯುವುದಿಲ್ಲ.

ಆಮೇಲೊಂದು ವರ್ಷ ಜಡಿಮಳೆ ಹಿಡಿಯಿತು. ಹೊಲದಲ್ಲಿ ನೀರು ನಿಂತಿತು. ಒಂದು ಬೆಳಿಗ್ಗೆ ರೈತ ನೋಡುತ್ತಾನೆ, ಒಂದು ಬಳ್ಳಿಯ ಕುಡಿ ಜೋತುಬಿದ್ದಿದೆ. ಕಾಲುವೆ ತೋಡಿ ನೀರು ಹೊರಗೆ ಬಿಟ್ಟ. ಆ ಹೊತ್ತಿಗೆ ಪಕ್ಕದ ಬಳ್ಳಿಯೂ ಜೋತಿತು, ಅದರ ಪಕ್ಕದ್ದೂ ಜೋತಿತು. ಬುಡ ಬಗೆದು ನೋಡಿದರೆ ಬೇರು ಕಂದುಬಣ್ಣಕ್ಕೆ ತಿರುಗಿ, ಮುಟ್ಟಿದಲ್ಲಿ ಸಿಪ್ಪೆ ಕಳಚಿ ಬರುತ್ತಿತ್ತು. ಆಗ ಅವನಿಗೆ ಹೊಳೆಯಿತು. ತಾಯಿಬಳ್ಳಿ ಇದ್ದದ್ದು ಬಾವಿಯ ಏರಿಯ ಮೇಲೆ. ಅದರ ಬುಡದಲ್ಲಿ ಒಂದು ದಿನವೂ ನೀರು ನಿಂತದ್ದಿಲ್ಲ. ನಿಂತ ನೀರನ್ನು ಅದು ತಾಳುವುದಿಲ್ಲ ಎಂಬುದು ಯಾರಿಗೂ ಗೊತ್ತಾಗುವ ಸಂದರ್ಭವೇ ಬಂದಿರಲಿಲ್ಲ. ಕಡ್ಡಿಯಿಂದ ಬೆಳೆದದ್ದು ತಾಯಿಬಳ್ಳಿಯ ಮಗುವಲ್ಲ, ಅದೇ ತಾಯಿಬಳ್ಳಿ. ಹೊಲದ ತುಂಬ ಇದ್ದದ್ದು ಒಂದೇ ಬಳ್ಳಿ, ಅದು ಒಂದೇ ವಾರದಲ್ಲಿ ಹೋಯಿತು.

ಇಂಥ ಮಳೆ ಹಿಂದೆಯೂ ಬಂದಿತ್ತು. ಆಗಲೂ ಬಳ್ಳಿಗಳು ಸತ್ತಿದ್ದವು. ಅಲ್ಲೊಂದು ಇಲ್ಲೊಂದು ಸತ್ತು, ಬುಟ್ಟಿ ಹಿಡಿದು ಹೋದರೆ ತೆರವು ತುಂಬುತ್ತಿತ್ತು. ರೈತ ಅಟ್ಟದ ಮೇಲಿದ್ದ ಬುಟ್ಟಿಯನ್ನು ಇಳಿಸಿದ. ಧೂಳು ಕೊಡವಿ, ಯಾರ ಹಿತ್ತಿಲಿನಲ್ಲಾದರೂ ಒಂದು ಹಳೆಯ ಬಳ್ಳಿ ಉಳಿದಿರಬಹುದೆಂಬ ಆಸೆಯಿಂದ ಅದನ್ನು ಹಿಡಿದು ಕುಂಬಾರರ ಮನೆಗೆ ಹೋದ.

“ತೆರವಿನ ಕಡ್ಡಿ ಬೇಕಾಗಿತ್ತು. ನಿಮ್ಮ ಸಣ್ಣ ಎಲಿ ಬಳ್ಳಿದು,” ಎಂದ.

“ಅದನ್ನ ಯಾವಾಗೋ ಕಿತ್ತೇವಲ್ಲಪಾ,” ಎಂದ ಕುಂಬಾರ. “ಈಗ ಇರೂದು ನಿಂದ. ನೀ ಕೊಟ್ಟಿದ್ದಂತ ಕೂಸಿನಂಗ ನೋಡ್ಕೊಂಡಿದ್ವಿ. ಯಾಕೋ ನಾಕು ದಿನದಿಂದ ಬಾಡಾಕ ಹತ್ತೇತಿ, ಬಾ, ನೀನ ನೋಡಿ ಹೇಳು.”

ಹಿತ್ತಿಲಿಗೆ ಕರೆದುಕೊಂಡು ಹೋಗಿ ತೋರಿಸಿದ. ರೈತ ನೋಡಿದ. ಅವನದೇ ಬಳ್ಳಿ, ಅದೇ ರೀತಿ ಜೋತಿತ್ತು.

ಬಡಿಗೇರರ ಮನೆಗೆ ಹೋದ. ಅವರೂ ಅವನ ಬಳ್ಳಿಯನ್ನೇ ತೋರಿಸಿದರು. ಮೇಲಿನ ಮನೆಗೆ ಹೋದ. ಮಾತು ಬಿಟ್ಟವರ ಮನೆಗೂ ಹೋದ. ಯಾರೂ ಅವನನ್ನು ಬೈಯಲಿಲ್ಲ. ಬೈದಿದ್ದರೆ ಅವನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು. ಎಲ್ಲರೂ ಅವನನ್ನು ಕಂಡು ಹಿಗ್ಗಿದರು. ಕಲಿಸಿಕೊಟ್ಟವನೇ ಬಂದ, ಇನ್ನೇನು ದಾರಿ ಹೇಳುತ್ತಾನೆ ಎಂದುಕೊಂಡರು. ಪ್ರತಿ ಹಿತ್ತಿಲಿನಲ್ಲೂ ಅವನ ಕೈ ಹಿಡಿದು ಅವನ ಬಳ್ಳಿಯ ಮುಂದೆ ನಿಲ್ಲಿಸಿದರು. ಊರು ಮುಗಿಯಿತು, ಬುಟ್ಟಿಗೆ ಒಂದು ಕಡ್ಡಿಯೂ ಬೀಳಲಿಲ್ಲ. ಊರ ಹೊರಗಿನ ಕಲ್ಲಿನ ಮೇಲೆ ಕೂತು ಅವನು ಅತ್ತ.

ಗುರುಗಳು ಅಲ್ಲಿಗೆ ನಿಲ್ಲಿಸಿದರು.

“ಆಮೇಲೆ? ಗುಡ್ಡದಲ್ಲಿ ಹುಡುಕಲಿಲ್ಲವೇ?” ಎಂದ ಪಡದಯ್ಯ.

“ಹೋಗಿದ್ದಾನೆ. ಇನ್ನೂ ಇಳಿದು ಬಂದಿಲ್ಲ.”

ಪಡದಯ್ಯನಿಗೆ ಕತೆ ಎಲ್ಲಿಗೆ ಬಂತೆಂದು ಅರ್ಥವಾಗಿತ್ತು. ಆದರೆ ಒಪ್ಪಲು ಮನಸ್ಸಿಲ್ಲ. ಅವನು ಹೇಳಿದ: “ಅವನು ಆರಿಸಿದ ಬಳ್ಳಿಯಲ್ಲೇ ದೋಷವಿತ್ತು, ಗುರುಗಳೇ. ಹಾಗಾಗಿ ಕೆಟ್ಟಿತು. ನಾನು ಆರಿಸಿಕೊಂಡದ್ದು ನಿಮ್ಮನ್ನು. ನಿಮ್ಮಲ್ಲಿ ಅಂಥದ್ದೇನೂ ಇಲ್ಲ.”

ಗುರುಗಳು ಅವನನ್ನು ನೋಡಿದರು. ಆ ಮಾತಿನಲ್ಲಿದ್ದ ಪ್ರೀತಿ ಅವರಿಗೆ ತಿಳಿಯಿತು, ಅದರಿಂದ ಅವರಿಗೆ ದುಃಖವೂ ಆಯಿತು.

“ನನ್ನ ಬುಡದಲ್ಲಿ ಇನ್ನೂ ನೀರು ನಿಂತಿಲ್ಲ, ಪಡದಯ್ಯ; ನಿಂತ ದಿನ ನಾನು ನಿನ್ನ ಬಾಗಿಲಿಗೆ ಬಂದರೆ ನೀನು ನನಗೆ ಏನು ಕೊಡುತ್ತೀಯ?”