ಪೇಟೆಗೆರೆಯ ಮೂರು ಗೋಡೆಗಳು

"ಕೇಳಿರಪ್ಪಾ ಕೇಳಿರಿ, ಗೆಜ್ಜೆಕೋಟೆಯ ಮಹಾಜನರೆಲ್ಲ ಕೇಳಿರಿ. ಅರಸುಮಗಳು ಹೊನ್ನಲೆದೇವಿಯವರು ಮೂರು ಒಗಟು ಕೇಳುತ್ತಾರೆ. ಮೂರನ್ನೂ ಬಿಡಿಸಿದವನಿಗೆ ಅರಮನೆಯ ಭಂಡಾರದ ಮುದ್ರೆ, ಜೊತೆಗೆ ಬೇಡಿದ್ದೊಂದು ವರ. ಒಂದರಲ್ಲಿ ತಪ್ಪಿದರೂ ಹುಣ್ಣಿಮೆಯ ಮಾರನೆಯ ದಿನ ತಲೆದಂಡ."

ಡಂಗುರದವನು ಹೀಗೆ ಸಾರಿದಾಗ ಪೇಟೆಯವರಿಗೆ ಮುದ್ರೆಯ ಮಾತು ಕೇಳಿಸಿತೇ ಹೊರತು ತಲೆಯ ಮಾತು ಕೇಳಿಸಲಿಲ್ಲ. ಆಸೆಯ ಕಿವಿಯೇ ಅಂಥದು.

ಆ ಊರಿನಲ್ಲಿ ಒಂದು ಪದ್ಧತಿ ಇತ್ತು. ಮೆಣಸು, ಬೆಲ್ಲ, ಎಣ್ಣೆ, ಬಟ್ಟೆ ಎಲ್ಲದರ ಬೆಲೆಯನ್ನೂ ಕೂಡಿಸಿ, ಪೇಟೆ ಒಟ್ಟಾರೆ ಏರಿತೋ ಇಳಿಯಿತೋ ಎಂದು ಪೇಟೆಯ ಮೂರು ಗೋಡೆಗಳ ಮೇಲೆ ಕಾವಿಯಿಂದ ಒಂದೊಂದೇ ಗೆರೆ ಎಳೆಯುತ್ತಿದ್ದರು. ಅದಕ್ಕೆ ಪೇಟೆಗೆರೆ ಎಂದು ಹೆಸರು. ಮೂಡಣ ಗೋಡೆಯ ಗೆರೆ ಗಳಿಗೆಗೊಮ್ಮೆ ಬೆಳೆಯುತ್ತಿತ್ತು, ನಡುವಣ ಗೋಡೆಯದು ದಿನಕ್ಕೊಮ್ಮೆ, ಪಡುವಣ ಗೋಡೆಯದು ತಿಂಗಳಿಗೊಮ್ಮೆ. ಅಜ್ಜ ನಿಂತ ಗೋಡೆಯ ಮುಂದೆಯೇ ಮೊಮ್ಮಗನೂ ನಿಲ್ಲಬೇಕು, ಇನ್ನೊಂದರ ಕಡೆ ಕಣ್ಣು ಹಾಯಿಸಿದರೆ ಮನೆತನಕ್ಕೇ ಕುಂದು. ಅರಮನೆಯವರು ಒಂದೊಂದು ಸಲ ಒಂದೊಂದು ಗೋಡೆಯವರ ಮಾತು ಕಟ್ಟಿಕೊಂಡು ಕೊಂಡು ಮಾರಿ, ಅರಸನ ಭಂಡಾರ ಅರ್ಧ ಬರಿದಾಗಿತ್ತು.

ಮೊದಲು ಒಗಟಿಗೆ ಕೈಹಾಕಿದವನು ಪಾರಿಸಸೆಟ್ಟಿ. ಒಳ್ಳೆಯ ಮುದುಕ, ಆದರೆ ಮೂಡಣ ಗೋಡೆ ಬಿಟ್ಟರೆ ಲೋಕವೇ ಇಲ್ಲ ಎನ್ನುವವನು. ಮೊದಲ ಒಗಟಿಗೇ ಮುಗ್ಗರಿಸಿ ಸೆರೆ ಸೇರಿದ. ಸುದ್ದಿ ಕೇಳಿ ಸಂಕ ಎಂಬ ಹುಡುಗ ಸೆರೆಮನೆಗೆ ಓಡಿದ. ತಾಯಿತಂದೆ ಇಲ್ಲದ ಅವನನ್ನು ಸಾಕಿದವನು ಸೆಟ್ಟಿಯೇ. ಸೆಟ್ಟಿ ಇಟ್ಟ ಅರವಟ್ಟಿಗೆಯಿಂದ ನೀರುಮಜ್ಜಿಗೆ ಹೊತ್ತು ಮೂರು ಗೋಡೆಗಳ ಮುಂದೂ ತಿರುಗಿ ಹಂಚುವುದು ಸಂಕನ ಕೆಲಸ.

ಸೆರೆಮನೆಯ ಕಿಂಡಿಯಲ್ಲಿ ಸೆಟ್ಟಿ ಹೇಳಿದ, "ಮಗಾ, ನನ್ನ ಕಾಲ ಹೇಗೂ ಮುಗೀತು. ನೀನು ಆ ಕಡೆ ಸುಳೀಬೇಡ."

"ಧಣಿ, ನಿಮ್ಮ ಮನೆ ಅನ್ನದಿಂದ ಬೆಳೆದ ಮೈ ಇದು. ಇವತ್ತು ಸುಮ್ನೆ ಕೂತ್ರೆ ತಿಂದ ಅನ್ನ ನನ್ನ ಕ್ಷಮಿಸೋಲ್ಲ," ಎಂದ ಸಂಕ.

ಮರುದಿನ ಸಭೆ ಕೂಡಿತು. ಸೆರೆಯವರನ್ನೂ ತಂದು ನಿಲ್ಲಿಸಿದ್ದರು. ಹೊನ್ನಲೆದೇವಿ ಕೇಳಿದಳು, "ಒಂದೇ ಪೇಟೆ, ಒಂದೇ ಹೊತ್ತು. ಒಬ್ಬ ಏರಿದೆ ಅಂದ, ಒಬ್ಬ ಇಳಿದಿದೆ ಅಂದ, ಮತ್ತೊಬ್ಬ ನಿಂತಿದೆ ಅಂದ. ಮೂವರೂ ಸತ್ಯವಂತರು. ಹೇಗೆ?"

ಕುದುರೆ ವ್ಯಾಪಾರಿಯ ಮಗ ಮೀಸೆ ತಿರುವಿ, "ಇಬ್ಬರು ಕುಡಿದಿರಬೇಕು," ಎಂದ. ಅವನನ್ನು ಎಳೆದೊಯ್ದರು. ಆಸ್ಥಾನದ ಜೋಯಿಸರು ಶನಿಯನ್ನೂ ರಾಹುವನ್ನೂ ಕರೆತಂದರು. ಗ್ರಹಗಳು ಬಂದವು, ಉತ್ತರ ಬರಲಿಲ್ಲ. ಅವರೂ ಸೆರೆಗೆ ಹೋದರು.

ಸಂಕ ಮುಂದೆ ಬಂದ. "ತಾಯಿ, ಒಬ್ಬ ತಿಂಗಳ ಗೆರೆ ನೋಡಿದ, ಒಬ್ಬ ದಿನದ್ದು, ಇನ್ನೊಬ್ಬ ಗಳಿಗೆಯದ್ದು. ತಿಂಗಳ ಲೆಕ್ಕದಲ್ಲಿ ಏರುವ ಪೇಟೆ ಇವತ್ತು ಇಳೀಬಹುದು, ಈ ಗಳಿಗೆಯಲ್ಲಿ ಸುಮ್ನೆ ನಿಲ್ಲಬಹುದು."

ಅರಸುಮಗಳು ಹುಬ್ಬೇರಿಸಿದಳು. "ಎರಡನೆಯದು. ಮೂವರು ಅಣ್ಣತಮ್ಮಂದಿರು. ದೊಡ್ಡವನು ನಡೆಯುವುದು ಕಣ್ಣಿಗೆ ಕಾಣದು, ಸಣ್ಣವನು ಎರಡು ಗಳಿಗೆ ನಿಂತದ್ದನ್ನು ಕಂಡವರಿಲ್ಲ, ನಡುವಿನವನು ಇಬ್ಬರಿಗೂ ಸಾಕ್ಷಿ. ಪಯಣ ಹೊರಟವನು ಯಾರಲ್ಲಿ ಏನು ಕೇಳಬೇಕು?"

"ಯಾವ ದಿಕ್ಕಿಗೆ ಅಂತ ದೊಡ್ಡವನನ್ನ ಕೇಳಬೇಕು, ಅದು ತಿಂಗಳ ಗೆರೆ. ಆ ದಾರಿ ಇವತ್ತು ತೆರೆದಿದೆಯಾ ಅಂತ ನಡುವಿನವನನ್ನ, ಅದು ದಿನದ ಗೆರೆ. ಯಾವ ಗಳಿಗೆಗೆ ಹೊಸ್ತಿಲು ದಾಟಲಿ ಅಂತ ಮಾತ್ರ ಸಣ್ಣವನನ್ನ. ದಿಕ್ಕನ್ನೂ ಸಣ್ಣವನನ್ನೇ ಕೇಳಿದ್ರೆ ಅಂಗಳದಲ್ಲೇ ಸುತ್ತಬೇಕಾಗುತ್ತೆ."

ಸಭೆಯಲ್ಲಿ ಯಾರೋ ನಕ್ಕರು. ಹೊನ್ನಲೆದೇವಿ ನಗಲಿಲ್ಲ. "ಮೂರನೆಯದು. ಮೂರು ಗೋಡೆಗಳೂ ಮೂರು ಮಾತಾಡಿದ ದಿನ ಕೊಳ್ಳುವವನ ಕೈಯಲ್ಲಿ ಏನಿರಬೇಕು? ಹೊನ್ನಲ್ಲ, ಸರಕಲ್ಲ. ಹಾಗಂತ ಕೈ ಬರಿದೂ ಅಲ್ಲ."

ಸಂಕ ತಕ್ಕಡಿ ಎನ್ನಲು ಬಾಯಿ ತೆರೆದು ನಾಲಿಗೆ ಕಚ್ಚಿಕೊಂಡ. ತಪ್ಪಿದರೆ ಹೋಗುವುದು ತನ್ನ ತಲೆ ಒಂದೇ ಅಲ್ಲ. ಸೆಟ್ಟಿ ಕಣ್ಣು ಮುಚ್ಚಿಕೊಂಡಿದ್ದ. ಸಂಕನ ಎಡಗೈ ಗಡಗಡ ನಡುಗತೊಡಗಿತು. ಯಾರಿಗೂ ಕಾಣದಿರಲೆಂದು ಬಲಗೈಯಿಂದ ಅದನ್ನು ಬಿಗಿಯಾಗಿ ಹಿಡಿದುಕೊಂಡ. ಹಿಡಿದದ್ದನ್ನು ನೋಡಿಯೇ ನೋಡಿದ.

"ಅವನದೇ ಇನ್ನೊಂದು ಕೈ ಇರಬೇಕು, ತಾಯಿ," ಎಂದ ಮೆಲ್ಲಗೆ. "ಮೂರು ಗೆರೆಯೂ ಒಂದೇ ದಿಕ್ಕು ತೋರಿಸೋವರೆಗೂ ಹೀಗೆ ಕೈಕಟ್ಟಿ ನಿಲ್ಲಬೇಕು. ತಾಳಿದವನು ಬಾಳಿಯಾನು ಅಂತ ಹಿರಿಯರು ಹೇಳಿಲ್ವೇ."

ಹೊನ್ನಲೆದೇವಿ ಪೀಠದಿಂದ ಎದ್ದಳು. "ಈ ಒಂದು ಮಾತು ಗೊತ್ತಿದ್ದವರು ಇಲ್ಲದೆ ನನ್ನ ತಂದೆಯ ಭಂಡಾರ ಸೋರಿಹೋಯಿತು. ನಿನಗೆ ಕಲಿಸಿದ ಗುರು ಯಾರು?"

"ಮೂರು ಗೋಡೆಯವರೂ ಗುರುಗಳೇ. ನೀರು ಕುಡೀತಾ ಕುಡೀತಾ ತಮ್ಮ ಗೆರೆಯ ಗುಣ ಹೇಳ್ತಿದ್ರು. ಅವರಿಗೆ ನನ್ನ ನಮಸ್ಕಾರ. ವರ ಅಂದ್ರೆ ಸೆರೆಯವರನ್ನೆಲ್ಲ ಬಿಟ್ಟುಬಿಡಿ, ತಾಯಿ. ಬೇರೇನೂ ಬೇಡ."

ಬೇಡ ಎಂದರೂ ಮುದ್ರೆ ಅವನ ಕೈಗೇ ಬಂತು. ಬೇಡಿ ಕಳಚಿದ ಪಾರಿಸಸೆಟ್ಟಿ ಹೊಸ ಭಂಡಾರಿಗೆ ನಮಸ್ಕರಿಸಲು ಬಗ್ಗಿದ. ಸಂಕ ಓಡಿಹೋಗಿ ಮುದುಕನ ಎರಡು ಕೈಗಳನ್ನೂ ಹಿಡಿದು ಮೇಲೆತ್ತಿದ.

"ನೀವು ಬಗ್ಗಬಾರದು ಧಣಿ. ನೀವು ಸಾಕಿದ್ದು ಎಷ್ಟು ದೊಡ್ಡದು ಅಂತ ನಾನು ಒಂದು ದಿನಾನೂ ಬಾಯ್ಬಿಟ್ಟು ಹೇಳಿರಲಿಲ್ಲ. ಹೇಳೋಕೆ ನೀವು ಉಳಿದ್ರಲ್ಲ, ನನಗೆ ಅಷ್ಟು ಸಾಕು."

ಸೆಟ್ಟಿ ಅವನ ತಲೆ ಸವರಿದ. ಅವರ ಬಾಳು ಅವರಿಗೆ ಹಸನಾಯಿತು. ಕೇಳಿದ ನಮ್ಮ ನಿಮ್ಮ ಬಾಳಿನಲ್ಲೂ ಹಾಗೆ ಸಾಕಿದವರೊಬ್ಬರು ಇದ್ದರೆ, ಅವರು ಇರುವಾಗಲೇ ಹೋಗಿ ಹೇಳಿಬಿಡೋಣ.